ಲ್ಯಾಂಪ್ ರೂಮಿನ ಲೆಕ್ಕ

2020ರ ಜೂನ್ 15, ಸೋಮವಾರ. ಬೆಳಿಗ್ಗೆ ಆರಕ್ಕೆ ಮುಳಬಾಗಿಲಿಗೆ ಮದುವೆ ಪಾರ್ಟಿ ಕರೆದುಕೊಂಡು ಹೋಗಬೇಕಿತ್ತು. ಮೂರು ತಿಂಗಳಲ್ಲಿ ಸಿಕ್ಕ ಮೊದಲ ಬಾಡಿಗೆ. ಐದೂವರೆಗೇ ಎದ್ದು ಟಾರ್ಪಾಲ್ ಎಳೆದೆ, ಗ್ಲಾಸು ಒರೆಸಿದೆ, ಊದುಬತ್ತಿ ಹಚ್ಚಿ ಕೀ ತಿರುಗಿಸಿದೆ. ಮುಂದಿನ ದೀಪಗಳೆಲ್ಲ ಒಂದು ಸಲ ಕಣ್ಣುಬಿಟ್ಟವು, ಎಲ್ಲೋ ಒಳಗೆ 'ಟಕ್' ಅಂತ ಸದ್ದಾಯಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ದೀಪವೂ ಇಲ್ಲ.

ಅಪ್ಪ ಜಗಲಿಯಲ್ಲಿ ಹಲ್ಲುಜ್ಜುತ್ತ ಕೂತಿದ್ದ. ಬಾಯಿ ಮುಕ್ಕಳಿಸಿ ಉಗಿದು, "ಇನ್ನು ಕೀ ಮುಟ್ಟಬೇಡ. ಅದರಲ್ಲಿ ಏನೂ ಉಳಿದಿಲ್ಲ," ಅಂದ.

ಹಳೇ ಮೆಟಾಡೋರ್ ಆಗಿದ್ದರೆ ಬೀದಿಯ ನಾಲ್ಕು ಹುಡುಗರನ್ನು ಕರೆದು ತಳ್ಳಿಸಿದ್ದರೆ ಮುಗಿದಿತ್ತು. ಇದು 2019ರಲ್ಲಿ ಸಾಲ ಮಾಡಿ ತಂದ ಟೆಂಪೋ ಟ್ರಾವೆಲರ್. ಇದರ ಎಂಜಿನ್ನಿಗೆ ಡೀಸೆಲ್ ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುವುದಕ್ಕೇ ಒಂದು ಕಂಪ್ಯೂಟರ್ ಇದೆ, ಆ ಕಂಪ್ಯೂಟರಿಗೆ ಮೊದಲು ಕರೆಂಟು ಬೇಕು. ಎದುರುಮನೆಯವರು ಪಾಪ, ತಮ್ಮ ಟಿಪ್ಪರನ್ನೇ ಪಕ್ಕಕ್ಕೆ ತಂದು ನಿಲ್ಲಿಸಿ ವೈರ್ ಹಿಡಿದುಕೊಂಡು ಬಂದರು. ಅಪ್ಪ ಟವೆಲ್ಲಿನಲ್ಲೇ ಓಡಿ ಬಂದು ಅಡ್ಡ ನಿಂತ. "ಅದು ಎರಡು ಬ್ಯಾಟ್ರಿ ಗಾಡಿ, ಇಪ್ಪತ್ನಾಕು ವೋಲ್ಟು. ಇದು ಹನ್ನೆರಡು. ಕೊಟ್ಟುಬಿಟ್ರೆ ಮದುವೆಗಲ್ಲ, ತಿಥಿಗೆ ಹೋಗ್ಬೇಕು." ಕೊನೆಗೆ ತರಕಾರಿ ಮಾರ್ಕೆಟಿನ ಟಾಟಾ ಏಸ್ ಒಂದು ಸಿಕ್ಕಿ, ಅದರಿಂದ ಎರವಲು ಪಡೆದು ಹೊರಟಾಗ ಆರೂ ಐವತ್ತು. ಮುಳಬಾಗಿಲಿನ ಛತ್ರದ ಮುಂದೆ ನಾಲ್ಕು ಗಂಟೆ ಎಂಜಿನ್ ಆರಿಸದೆ ಕಾದೆ. ಆರಿಸಿದರೆ ಮತ್ತೆ ಹತ್ತುತ್ತದೆ ಅನ್ನುವ ಧೈರ್ಯವಿರಲಿಲ್ಲ. ಹುಡುಗಿ ಕಡೆಯ ಹಿರಿಯರೊಬ್ಬರು ಬಂದು, "ಡೀಸೆಲ್ ಪುಕ್ಕಟೆ ಸಿಗ್ತದಾ ಡ್ರೈವರ್?" ಅಂತ ಕೇಳಿ ಹೋದರು.

ನನಗೆ ಸಿಟ್ಟು ಬಂದದ್ದು ಬ್ಯಾಟರಿಯ ಮೇಲೆ. ಒಂದು ವರ್ಷದ ಬ್ಯಾಟರಿ, ನೂರು ಆಂಪಿಯರ್ ಅವರಿನದು. ಕೊರೊನಾ ಶುರುವಾಗಿ ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಗಾಡಿ ನಿಲ್ಲಿಸಿದ್ದೆ. ಅಂದಿನಿಂದ ಒಂದು ಬಲ್ಬು ಹಚ್ಚಿಲ್ಲ, ಹಾರ್ನು ಒತ್ತಿಲ್ಲ. ಕೆಲಸವನ್ನೇ ಮಾಡದೆ ಸುಸ್ತಾಗುವುದು ಅಂದರೆ ಏನು?

ಆ ಸಂಜೆ ಅಪ್ಪ ಮಲ್ಟಿಮೀಟರ್ ತೆಗೆದ. ನೆಗೆಟಿವ್ ವೈರ್ ಬಿಚ್ಚಿ, ವೈರಿಗೂ ಬ್ಯಾಟರಿಯ ಗುಬುಟಿಗೂ ನಡುವೆ ಮೀಟರಿನ ಎರಡು ಕಡ್ಡಿ ಹಿಡಿದು, ನನ್ನ ಕೈಲಿ ಅಂಕಿ ಓದಿಸಿದ. ಕಣ್ಣಿನ ಪೊರೆ ಆಪರೇಷನ್ ಅವನಿಗೆ ಆಗಿನ್ನೂ ಆಗಿರಲಿಲ್ಲ. ಕೀ ಜೇಬಿನಲ್ಲಿದೆ, ಬಾಗಿಲು ಮುಚ್ಚಿದೆ, ಆದರೂ ಮೀಟರ್ ಐವತ್ತು ಮಿಲಿ ಆಂಪಿಯರ್ ತೋರಿಸಿತು. ಯಾರು ಕುಡಿಯುತ್ತಿದ್ದಾರೆ? ಜಿಪಿಎಸ್ ಪೆಟ್ಟಿಗೆ. ಸ್ಟೀರಿಯೋ ತನ್ನ ಗಡಿಯಾರ ನೆನಪಿಟ್ಟುಕೊಳ್ಳಲು. ಬಾಗಿಲಿನ ಲಾಕು. ಎಂಜಿನ್ನಿನ ಕಂಪ್ಯೂಟರು. ಎಲ್ಲರೂ ಒಂದೊಂದು ಗುಟುಕು.

"ಬರ್ಕೊ," ಅಂದ. ಗಂಟೆಗೆ ಐವತ್ತು ಮಿಲಿ, ದಿನಕ್ಕೆ ಒಂದೂಕಾಲಿಗೆ ಸ್ವಲ್ಪ ಕಮ್ಮಿ, ಸರಿಯಾಗಿ 1.2 ಆಂಪಿಯರ್ ಅವರ್. ಮಾರ್ಚ್ 22ರಿಂದ ಜೂನ್ 15ಕ್ಕೆ 85 ದಿನ. ಗುಣಿಸಿದರೆ 102. ಬ್ಯಾಟರಿಯಲ್ಲಿ ಇದ್ದದ್ದೇ ನೂರು.

"ನಿನ್ ಬ್ಯಾಟ್ರಿ ಎರಡು ಸಾಲಾನೂ ಮಾಡೈತೆ," ಅಂದ ಅಪ್ಪ.

(ಈ ಪರೀಕ್ಷೆ ನೀವೂ ಮಾಡಬಹುದು. ಮೀಟರ್ ಸಿಕ್ಕಿಸಿಕೊಂಡಿರುವಾಗ ಮಾತ್ರ ಕೀ ಆನ್ ಮಾಡಬೇಡಿ. ಮಾರನೇ ದಿನ ನಾನೊಬ್ಬನೇ ಮಾಡಲು ಹೋಗಿ ಮೀಟರಿನ ಫ್ಯೂಸು ಸುಟ್ಟೆ.)

ಅಪ್ಪನಿಗೆ ಈ ಲೆಕ್ಕ ಬಂದದ್ದು ಗಾಡಿಗಳಿಂದಲ್ಲ. ಅವನಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ. ಅವನು ಕೋಲಾರದ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, ಲ್ಯಾಂಪ್ ರೂಮಿನಲ್ಲಿ ಇದ್ದವನು. ಕೆಳಗಿಳಿಯುವ ಪ್ರತಿಯೊಬ್ಬನ ಸೊಂಟಕ್ಕೂ ಬೆಲ್ಟಿನಲ್ಲಿ ಒಂದು ಸಣ್ಣ ಲೆಡ್ ಆಸಿಡ್ ಬ್ಯಾಟರಿ, ಅದರಿಂದ ಬೆನ್ನ ಮೇಲೆ ಹಾದು ಟೋಪಿಯ ದೀಪಕ್ಕೆ ಒಂದು ಕೇಬಲ್. ಎರಡೇ ಸೆಲ್ಲು, ನಾಲ್ಕು ವೋಲ್ಟು. ಶಿಫ್ಟು ಮುಗಿದು ಮೇಲೆ ಬಂದವರು ದೀಪವನ್ನು ರ‍್ಯಾಕಿಗೆ ಹಿಂದಿರುಗಿಸಬೇಕು. ಅದು ಮತ್ತೆ ಚಾರ್ಜಿಗೆ ಹತ್ತಬೇಕು. ಟೋಕನ್ನಿಗೆ ದೀಪ, ದೀಪಕ್ಕೆ ಟೋಕನ್. ಯಾವ ನಂಬರಿನ ಜಾಗ ಖಾಲಿ ಉಳಿಯಿತೋ ಆ ನಂಬರಿನ ಆಳು ಇನ್ನೂ ಕೆಳಗಿದ್ದಾನೆ ಎಂದರ್ಥ. ಕಲ್ಲು ಸಿಡಿದ ದಿನಗಳಲ್ಲಿ ಮನೆಯವರು ಮೊದಲು ಓಡುತ್ತಿದ್ದದ್ದು ಆಫೀಸಿಗಲ್ಲ, ಲ್ಯಾಂಪ್ ರೂಮಿನ ಕಿಟಕಿಗೆ.

ಕೆಜಿಎಫ್‌ನ ಆಂಡರ್ಸನ್‌ಪೇಟೆ ಹುಡುಗರಾದ ನಮಗೆ ಕರೆಂಟಿನ ವಿಷಯದಲ್ಲಿ ಹುಟ್ಟಿನಿಂದಲೇ ಒಂದು ಜಂಬ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಸ್ಕೂಲಿನಲ್ಲಿ ಬೆಂಗಳೂರಿನ ಸಂಬಂಧಿಕರ ಮಕ್ಕಳ ಮುಂದೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಅಪ್ಪ ಮಾತ್ರ ಈ ಜಂಬಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಅಷ್ಟು ದೂರದಿಂದ ಕಾವೇರಿಯ ಕರೆಂಟು ಬಂದು ಆಳುಗಳನ್ನು ಇಳಿಸಿ ಎತ್ತುವ ವೈಂಡರ್ ತಿರುಗಿಸಿತು, ಪಂಪು ಓಡಿಸಿತು, ನಿಜ. ಆದರೆ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ, ಬಂಡೆಯೇ ಅರವತ್ತು ಡಿಗ್ರಿಗೂ ಮೀರಿ ಕಾಯುವ ಕಡೆ, ಮನುಷ್ಯ ತನ್ನ ಮುಂದಿನ ಕಲ್ಲನ್ನು ನೋಡಲು ಕರೆಂಟನ್ನು ಸೊಂಟಕ್ಕೆ ಕಟ್ಟಿಕೊಂಡೇ ಹೋಗಬೇಕಿತ್ತು. "ಲೈನಲ್ಲಿ ಬರೋ ಕರೆಂಟು ಸರ್ಕಾರದ್ದು, ಡಬ್ಬೀಲಿರೋದು ನಮ್ದು," ಅನ್ನುವುದು ಅವನ ಮಾತು.

ಅವನ ಖಾಕಿ ಚಡ್ಡಿಗಳಲ್ಲೆಲ್ಲ ಸಣ್ಣ ಸಣ್ಣ ತೂತು. ಆಸಿಡ್ ಸಿಡಿದಾಗ ಬಟ್ಟೆಯಲ್ಲಿ ಏನೂ ಕಾಣುವುದಿಲ್ಲ, ಒಗೆದು ಹಿಂಡಿದಾಗ ಅಷ್ಟಷ್ಟೇ ಉದುರಿ ತೂತು ಬೀಳುತ್ತದೆ. ತಾನು ಒಗೆದದ್ದೇ ತಪ್ಪೇನೋ ಎಂದು ಅಮ್ಮ ಬಹಳ ವರ್ಷ ನಂಬಿದ್ದಳು.

ಮುಷ್ಕರ ಬಂದಾಗ ಯಾರೂ ಕೆಳಗಿಳಿಯುತ್ತಿರಲಿಲ್ಲ, ದೀಪಗಳು ರ‍್ಯಾಕಿನಲ್ಲೇ ಇರುತ್ತಿದ್ದವು. ಆಗ ಲ್ಯಾಂಪ್ ರೂಮಿಗೆ ರಜ ಅಂತ ನಾವು ತಿಳಿದಿದ್ದೆವು. ಅಪ್ಪ ಹದಿನೈದು ದಿನಕ್ಕೊಮ್ಮೆ ಹೋಗಿ ಎಲ್ಲಕ್ಕೂ ಒಂದು ಸುತ್ತು ಚಾರ್ಜು ಕೊಟ್ಟು, ಇಳಿದ ಕಡೆ ಡಿಸ್ಟಿಲ್ಡ್ ವಾಟರ್ ಹನಿಸಿ ಬರುತ್ತಿದ್ದ. ಯಾರೂ ಮುಟ್ಟದ ದೀಪಕ್ಕೆ ಯಾಕೆ ಅಂತ ಕೇಳಿದ್ದಕ್ಕೆ ಒಂದು ದಿನ ಹಿತ್ತಲ ಹಂಡೆಯ ಒಳಗೆ ನನ್ನ ಕೈ ಹಾಕಿಸಿದ. ನಮ್ಮ ಕಡೆಯ ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಒಳಗೆಲ್ಲ ಬಿಳಿ ಕರೆ ಗಟ್ಟಿಯಾಗಿ ಕೂತಿತ್ತು. "ಮೊದಲ ವಾರ ತೆಂಗಿನ ನಾರಲ್ಲಿ ಉಜ್ಜಿದ್ರೆ ಹೋಗ್ತಿತ್ತು. ಈಗ ಸುತ್ತಿಗೇನೂ ಆಗಲ್ಲ."

ಬ್ಯಾಟರಿಯೊಳಗೆ ನಡೆಯುವುದೂ ಇದೇ. ಕರೆಂಟು ಖರ್ಚಾಗುತ್ತ ಹೋದಂತೆ ಆಸಿಡ್ಡಿನ ಸಾರ ಸೀಸದ ಪ್ಲೇಟುಗಳಿಗೆ ಹತ್ತಿ ಸಲ್ಫೇಟ್ ಆಗುತ್ತದೆ, ಉಳಿದದ್ದು ನೀರಿನ ಕಡೆಗೆ ತಿರುಗುತ್ತದೆ. ಕೂಡಲೇ ಚಾರ್ಜು ಕೊಟ್ಟರೆ ಆ ಸಲ್ಫೇಟು ಕರಗಿ ಮತ್ತೆ ಆಸಿಡ್ಡಿಗೆ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳು ಕಟ್ಟಿ ಗಡಸಾಗುತ್ತದೆ. ಮೇಲೆ ಏನೂ ಕೆಟ್ಟಂತೆ ಕಾಣದು. ಸಂಪರ್ಕ ಬಿಚ್ಚಿಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ತಿಂಗಳಿಗೆ ನೂರಕ್ಕೆ ಮೂರೋ ಐದೋ ಸವೆಯುತ್ತಲೇ ಇರುತ್ತದೆ. ಅದೂ ಇಪ್ಪತ್ತೈದು ಡಿಗ್ರಿಯ ನೆರಳಿನಲ್ಲಿ. ಪ್ರತಿ ಹತ್ತು ಡಿಗ್ರಿ ಏರಿದಂತೆ ಈ ಸವೆತ ಸುಮಾರು ಇಮ್ಮಡಿ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನ ಕೆಳಗೆ ನನ್ನ ಗಾಡಿ ಯಾವ ನೆರಳಿನಲ್ಲಿತ್ತು ಅಂತ ನಾನೇ ಹೇಳಬೇಕಾಗಿಲ್ಲ.

ಲಾಕ್‌ಡೌನಿನ ಮೊದಲ ತಿಂಗಳು ನಾನು ಸುಮ್ಮನೆ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪ್ರತಿ ಭಾನುವಾರ ಐದು ನಿಮಿಷ ಎಂಜಿನ್ ಓಡಿಸುತ್ತಿದ್ದೆ. ಬೀದಿಯಲ್ಲಿ ಗಾಡಿ ಇದ್ದವರೆಲ್ಲ ಹಾಗೇ ಮಾಡುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಆಂಡರ್ಸನ್‌ಪೇಟೆಯ ಬೀದಿಯಲ್ಲಿ ಒಂದೇ ಸಲಕ್ಕೆ ಏಳೆಂಟು ಎಂಜಿನ್ ಗುರುಗುಟ್ಟಿ, ಹೊಗೆ ಬಿಟ್ಟು ಮಲಗುತ್ತಿದ್ದವು. ಅಪ್ಪ ಆಗಲೇ ಗೊಣಗಿದ್ದ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಸೆಲ್ಫ್ ಹೊಡೆಯುವ ಕೆಲವು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ. ಎಂಜಿನ್ ತಣ್ಣಗೆ ನಿಂತಲ್ಲೇ ಓಡುವಾಗ ಆಲ್ಟರ್ನೇಟರ್ ಕೊಡುವುದು ಅಷ್ಟಕ್ಕಷ್ಟೇ. ಐದು ನಿಮಿಷದಲ್ಲಿ ಸೆಲ್ಫಿನ ಸಾಲ ತೀರೀತು, ವಾರದ ಸೋರಿಕೆ ತುಂಬುವುದಿಲ್ಲ. ಕೊಡುವುದಾದರೆ ಬೇತಮಂಗಲದವರೆಗಾದರೂ ಒಂದು ಗಂಟೆ ಓಡಿಸಿ ಬರಬೇಕು, ಇಲ್ಲವೇ ಎಂಜಿನ್ ಮುಟ್ಟದೆ ನೆಗೆಟಿವ್ ಬಿಚ್ಚಿಡಬೇಕು. ನಡುವಿನ ದಾರಿಯೇ ಕೆಟ್ಟದ್ದು. ಆಗ ಬೇತಮಂಗಲಕ್ಕೆ ಹೊರಟಿದ್ದರೆ ಪೊಲೀಸರು ಬಿಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಬ್ಯಾಟರಿಯನ್ನು ಅಂಗಡಿಗೆ ಒಯ್ದು ಮೂರು ದಿನ ನಿಧಾನ ಚಾರ್ಜಿಗೆ ಹಾಕಿಸಿದೆವು. ವೋಲ್ಟೇಜ್ ಹನ್ನೆರಡೂವರೆಗೆ ಬಂತು. ಪೂರ್ತಿ ತುಂಬಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6, 12.7 ತೋರಿಸಬೇಕು. 12.2 ಅಂದರೆ ಅರ್ಧ, ಹನ್ನೆರಡಕ್ಕಿಳಿದರೆ ಕಾಲುಭಾಗವಷ್ಟೇ. ಅಂಗಡಿಯವನಿಗೆ ಸಮಾಧಾನವಾಯಿತು, ಅಪ್ಪನಿಗೆ ಆಗಲಿಲ್ಲ. ಆಸಿಡ್ಡಿನ ಗಾಢತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ಆರೂ ಸೆಲ್ಲಿನ ಆಸಿಡ್ ಎಳೆದು ನೋಡಿದ. ಐದು ಸೆಲ್ಲಿನಲ್ಲಿ 1.24ರ ಆಸುಪಾಸು. ಒಂದರಲ್ಲಿ 1.15. "ಐದು ಜನ ಎತ್ತಿ ಒಬ್ಬ ಬಿಟ್ಟರೆ ಹೆಣ ನೆಲಕ್ಕೆ," ಅಂದ. ದೀಪಾವಳಿ ಕಳೆದು ಎರಡು ವಾರಕ್ಕೆ ಆ ಬ್ಯಾಟರಿ ಪೂರ್ತಿ ಹೋಯಿತು. ಹೊಸದಕ್ಕೆ ಎಂಟು ಸಾವಿರ ಚಿಲ್ಲರೆ. ಗಾಡಿಯ ಕಂತನ್ನೇ ಕಟ್ಟಲಾಗದೆ ಕೈ ಕಟ್ಟಿ ಕೂತಿದ್ದ ವರ್ಷದಲ್ಲಿ.

2021ರ ಎರಡನೇ ಅಲೆಗೆ ನಾವು ಸಿದ್ಧರಿದ್ದೆವು. ಪೂರ್ತಿ ಚಾರ್ಜು ಮಾಡಿ, ಮೊದಲು ನೆಗೆಟಿವ್ ಆಮೇಲೆ ಪಾಸಿಟಿವ್ ಬಿಚ್ಚಿ, ಬ್ಯಾಟರಿಯನ್ನು ಮನೆಯೊಳಗೆ ಅಕ್ಕಿ ಡಬ್ಬದ ಪಕ್ಕ ತಂದಿಟ್ಟೆವು. ಸಿಮೆಂಟ್ ನೆಲದ ಮೇಲೆ ಇಟ್ಟರೆ ಕರೆಂಟು ಇಳಿದು ಹೋಗುತ್ತದೆ ಅಂತ ಪಕ್ಕದಮನೆಯವರು ಹಲಗೆ ಕೊಟ್ಟರು. ಬ್ಯಾಟರಿಗೆ ಮರದ, ಗಟ್ಟಿ ರಬ್ಬರಿನ ಪೆಟ್ಟಿಗೆ ಇದ್ದ ಕಾಲದ ಮಾತದು, ಈಗಿನ ಪ್ಲಾಸ್ಟಿಕ್ಕಿಗೆ ನೆಲವೂ ಒಂದೇ ಹಲಗೆಯೂ ಒಂದೇ. ಅಪ್ಪ ಹಲಗೆ ಬೇಡ ಅನ್ನಲಿಲ್ಲ. ಕೊಟ್ಟವರಿಗೆ ಬೇಜಾರಾಗುತ್ತದೆ ಅಂತ ಇರಬೇಕು. ತಿಂಗಳಿಗೊಮ್ಮೆ ಕಿಟಕಿ ತೆರೆದು ಒಂದು ರಾತ್ರಿ ಚಾರ್ಜು. ಆಗ ಮನೆಯಲ್ಲಿ ಯಾರೂ ಬೆಂಕಿಕಡ್ಡಿ ಗೀರಬಾರದು, ಬ್ಯಾಟರಿಯಿಂದ ಏಳುವ ಹೈಡ್ರೋಜನ್‌ಗೆ ಕಿಡಿ ಸಾಕು. ಆ ವರ್ಷ ನಿರ್ಬಂಧ ಸಡಿಲಿಸಿದ ದಿನ ಗಾಡಿ ಒಂದೇ ಸೆಲ್ಫಿಗೆ ಹತ್ತಿತು.

ಈ ಸುದ್ದಿ ಹೇಗೆ ಎಲ್ಲಿ ಹಬ್ಬಿತೋ, 2022ರ ಕೊನೆಗೆ ನಮ್ಮ ಶೆಡ್ಡಿಗೆ ಒಂದು ವಿಚಿತ್ರ ಅತಿಥಿ ಬಂತು. ನನ್ನದೇ ಕಂಪನಿಯ ಗಾಡಿ, ಒಳಗೆ ಮಾತ್ರ ಮನೆ. ಮಂಚ, ಸಿಂಕು, ಪುಟ್ಟ ಫ್ರಿಜ್ಜು, ಬಾಗಿಲ ಹಿಂದೆ ಕಕ್ಕಸು. ಕ್ಯಾರವಾನ್ ಅನ್ನುತ್ತಾರೆ, ಅಮೆರಿಕದವರು ಮೋಟಾರ್‌ಹೋಮ್ ಅನ್ನುತ್ತಾರಂತೆ. ಅದರ ಒಡೆಯ ಬೆಮೆಲ್ ನಗರದಲ್ಲಿ ಬೆಳೆದವರು, ಈಗ ವರ್ಷದಲ್ಲಿ ಎಂಟು ತಿಂಗಳು ಅಮೆರಿಕದಲ್ಲಿ ಮಗಳ ಮನೆ. ಬೆಂಗಳೂರಿನಲ್ಲಿ ಅಷ್ಟುದ್ದದ ಗಾಡಿ ನಿಲ್ಲಿಸಲು ಜಾಗವೂ ಇಲ್ಲ, ಅಪಾರ್ಟ್‌ಮೆಂಟಿನವರು ಬಿಡುವುದೂ ಇಲ್ಲ. ತಿಂಗಳ ಬಾಡಿಗೆ ಮಾತಾಡಿಕೊಂಡು ಕೀ ಕೊಟ್ಟರು. ಜತೆಗೆ ಬ್ಯಾಟರಿ ನೋಡಿಕೊಳ್ಳುವ ಬಗ್ಗೆ ಒಂದು ಪುಟದ ಚೀಟಿ. ಅದರಲ್ಲಿ ಮೊದಲನೆಯದೇ, ಚಳಿಗಾಲದಲ್ಲಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು. ಹಿಮ ಬೀಳುವ ಊರಿನಲ್ಲಿ ಅದು ಸರಿ. ತುಂಬಿದ ಬ್ಯಾಟರಿಯ ಆಸಿಡ್ ಎಂಥ ಚಳಿಗೂ ಜಗ್ಗುವುದಿಲ್ಲ, ಖಾಲಿಯಾದದ್ದು ಹೆಚ್ಚುಕಮ್ಮಿ ನೀರೇ ಆದ್ದರಿಂದ ಗಡ್ಡೆಕಟ್ಟಿ ಡಬ್ಬಿ ಒಡೆಯುತ್ತದೆ. ಅಪ್ಪ ಚೀಟಿ ಓದಿಸಿಕೊಂಡು, "ಇಲ್ಲಿ ಬೇಯದಂಗೆ ನೋಡ್ಕೋಬೇಕು ಅಂತ ಬರೀರಿ ಸ್ವಾಮಿ," ಅಂದ.

ಈ ಗಾಡಿಯಲ್ಲಿ ಬ್ಯಾಟರಿ ಎರಡು. ಎಂಜಿನ್ ಹತ್ತಿಸುವುದಕ್ಕೆ ಒಂದು, ಮನೆಯ ದೀಪ, ಫ್ಯಾನು, ಫ್ರಿಜ್ಜಿಗೆ ಇನ್ನೊಂದು. ಮುಂದಿನದು ನಮಗೆ ಗೊತ್ತಿದ್ದ ಜಾತಿ. ಮೇಲೆ ಸೋಲಾರ್ ಫಲಕ ಇದೆ, ಅದೇ ತುಂಬಿಕೊಳ್ಳುತ್ತದೆ ಅಂತ ಅವರ ಭರವಸೆ. ಶೆಡ್ಡಿನೊಳಗೆ ನಿಂತ ಗಾಡಿಯ ನೆತ್ತಿಯ ಮೇಲೆ ಯಾವ ಸೂರ್ಯ? ನಾವೇ ತಗಡಿನ ಮೇಲೆ ಒಂದು ಸಣ್ಣ ಫಲಕ ಕೂರಿಸಿ, ಕಂಟ್ರೋಲರ್ ಮೂಲಕ ಮುಂದಿನ ಬ್ಯಾಟರಿಗೆ ಹದಿಮೂರೂವರೆ ವೋಲ್ಟಿನ ಆಸುಪಾಸು ಸದಾ ಸಿಗುವ ಹಾಗೆ ಮಾಡಿದೆವು. ಪ್ಲಗ್ಗಿನ ಚಾರ್ಜರ್ ಹಾಕಬಹುದಿತ್ತು. ಬೆಂಗಳೂರಿಗಿಂತ ಮೊದಲೇ ಕರೆಂಟು ಕಂಡ ಊರಿನಲ್ಲಿ ಅದನ್ನು ನಂಬಿ ತಿಂಗಳುಗಟ್ಟಲೆ ಬಿಟ್ಟಿರುವ ಧೈರ್ಯ ನಮಗಿಲ್ಲ.

ಹಿಂದಿನ ಬ್ಯಾಟರಿ ಎತ್ತಿದ ಅಪ್ಪನಿಗೆ ಅನುಮಾನ ಬಂತು. ಆ ಗಾತ್ರಕ್ಕೆ ತೂಕವೇ ಇಲ್ಲ. ನೀರು ಹಾಕುವ ಮುಚ್ಚಳವಿಲ್ಲ, ಹೈಡ್ರೋಮೀಟರ್ ಇಳಿಸಲು ತೂತಿಲ್ಲ. ಲಿಥಿಯಂ. ಚೀಟಿಯಲ್ಲಿ ಅದರ ಬಗ್ಗೆ ಬರೆದದ್ದನ್ನು ಎರಡು ಸಲ ಓದಿಸಿದ. ತಿಂಗಳುಗಟ್ಟಲೆ ಸುಮ್ಮನಿಡುವಾಗ ಪೂರ್ತಿ ತುಂಬಿಡಬೇಡಿ, ಅರ್ಧದಷ್ಟು ಇಡಿ, ಸಂಪರ್ಕ ತಪ್ಪಿಸಿ, ಸದಾ ಚಾರ್ಜಿಗೆ ಸಿಕ್ಕಿಸಬೇಡಿ.

"ಅರ್ಧ?"

"ಅರ್ಧ."

"ತಪ್ಪು ಬರ್ದಿರ್ಬೇಕು. ಫೋನ್ ಮಾಡಿ ಕೇಳು."

ಕೇಳಿದೆ. ತಪ್ಪಿರಲಿಲ್ಲ. ಸೀಸದ್ದು ಖಾಲಿ ಇದ್ದರೆ ಸಾಯುತ್ತದೆ, ಲಿಥಿಯಂ ಸದಾ ತುಂಬಿದ್ದರೆ ಬೇಗ ಮುದಿಯಾಗುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ತಾನಾಗಿ ಸವೆಯುವುದು ಬಹಳ ಕಡಿಮೆ, ಆರು ತಿಂಗಳು ಬಿಟ್ಟರೂ ಅರ್ಧದಲ್ಲಿ ಸ್ವಲ್ಪವಷ್ಟೇ ಇಳಿದಿರುತ್ತದೆ. ನಿಜವಾದ ಕಳ್ಳರು ಬೇರೆ. ಫ್ರಿಜ್ಜಿನ ಪಕ್ಕದ ಗ್ಯಾಸ್ ಅಲಾರಂ, ಇನ್ವರ್ಟರಿನ ಪುಟ್ಟ ಹಸಿರು ದೀಪ. ಅವನ್ನು ಬಿಡಿಸಿದೆವು. ವೋಲ್ಟೇಜ್ ನೋಡಿ ಲಿಥಿಯಂನ ಹೊಟ್ಟೆ ಎಷ್ಟು ತುಂಬಿದೆ ಎಂದು ಹೇಳುವುದೂ ಕಷ್ಟ, ಮುಕ್ಕಾಲಿದ್ದರೂ ಅರ್ಧವಿದ್ದರೂ ಹೆಚ್ಚುಕಮ್ಮಿ ಒಂದೇ ಅಂಕಿ. ಅಪ್ಪ ಆ ಬ್ಯಾಟರಿಯನ್ನು ಆಮೇಲೆ ಮುಟ್ಟಲಿಲ್ಲ. "ಅದು ನಿನ್ ಪಾಲು" ಅಂದುಬಿಟ್ಟ.

ಪೂರ್ತಿ ತುಂಬಿಡಬೇಕು ಅನ್ನುವುದರಲ್ಲಿ ಅವನಿಗೆ ಯಾಕಷ್ಟು ಹಟ ಅಂತ ನನಗೆ ಅವತ್ತು ರಾತ್ರಿ ಗೊತ್ತಾಯಿತು. ಊಟಕ್ಕೆ ಕೂತಾಗ ಅಮ್ಮ ಹೇಳಿದಳು, ಅವನಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತಲ್ಲ, ಆ ಕೊನೆಯ ದಿನ ಅಪ್ಪ ಮನೆಗೆ ಬಂದದ್ದು ಬಹಳ ತಡವಾಗಿ. ಎಲ್ಲರೂ ಕೈ ಕುಲುಕಿ, ಅತ್ತು, ಹೊರಟು ಹೋದ ಮೇಲೆ ಅವನು ರ‍್ಯಾಕಿನಲ್ಲಿದ್ದ ದೀಪಗಳನ್ನೆಲ್ಲ ಚಾರ್ಜಿಗೆ ಹಾಕಿ, ತುಂಬುವವರೆಗೆ ಕೂತಿದ್ದ. ಜತೆಯವನೊಬ್ಬ, "ಅಣ್ಣಾ, ಇನ್ಯಾರ್ ತಗೊಂಡ್ ಹೋಗೋದು ಇದನ್ನ?" ಅಂತ ಕೇಳಿದನಂತೆ. ಅಪ್ಪ ಏನು ಹೇಳಿದ ಅಂತ ಅಮ್ಮನಿಗೂ ಗೊತ್ತಿಲ್ಲ. ನಾನು ಅವನ ಮುಖ ನೋಡಿದೆ. "ಖಾಲಿ ಇಡಬಾರ್ದು ಅಂತ ರೂಲು," ಅಂದು ಮುದ್ದೆ ಮುರಿದ.

ಊರನ್ನು ಬ್ಯಾಟರಿಗೆ ಹೋಲಿಸಿ ಇಲ್ಲೊಂದು ಪ್ಯಾರಾ ಬರೆಯಬೇಕು ಅನ್ನಿಸಿತ್ತು. ಬರೆದು ಅಪ್ಪನಿಗೆ ಓದಿದೆ. "ಬ್ಯಾಟ್ರೀಲಿ ನೀರು ಕಮ್ಮಿಯಾದ್ರೆ ಕಷ್ಟ. ಗಣೀಲಿ ಪಂಪು ನಿಂತು ನೀರು ತುಂಬ್ಕೊಂಡೇ ಹಾಳಾಯ್ತು. ಯಾವ ಲೆಕ್ಕಕ್ಕೆ ಹೋಲಿಸ್ತೀಯ?" ಅಂದ. ಹರಿದು ಹಾಕಿದೆ.

ಕ್ಯಾರವಾನ್ ಈಗಲೂ ಶೆಡ್ಡಿನಲ್ಲಿದೆ. ಒಡೆಯರು ವರ್ಷಕ್ಕೊಮ್ಮೆ ಬಂದು ಕೊಡಗು, ಕಾರವಾರ ಅಂತ ಸುತ್ತಿ ತಂದು ನಿಲ್ಲಿಸುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು. ಮೇಲಿನದು ಮುಂದಿನ ಬ್ಯಾಟರಿ, ತಿಂಗಳ ಮೊದಲ ಭಾನುವಾರದ ವೋಲ್ಟೇಜು. ಕೆಳಗಿನದು ಹಿಂದಿನದು, ಮೂರು ತಿಂಗಳಿಗೊಮ್ಮೆ. ಮೇಲಿನ ಸಾಲಿನ ಅಂಕಿಗಳನ್ನು ಈಗ ಪೊರೆ ತೆಗೆಸಿಕೊಂಡ ಅಪ್ಪನೇ ಓದಿ ಬರೆಯುತ್ತಾನೆ.

ನಿಮ್ಮ ಮನೆ ಮುಂದೆ ಟಾರ್ಪಾಲ್ ಹೊದ್ದು ನಿಂತ ಗಾಡಿ ಏನಾದರೂ ಇದ್ದರೆ, ಬ್ಯಾಟರಿ ತುಂಬಿಸಿ, ಇವತ್ತು ಸಂಜೆಯೇ ಅದರ ನೆಗೆಟಿವ್ ವೈರ್ ಬಿಚ್ಚಿಡಿ. ಹತ್ತನೇ ನಂಬರಿನ ಸ್ಪ್ಯಾನರ್ ಸಾಕು. ಕೆಲವಕ್ಕೆ ಹದಿಮೂರು ಬೇಕಾಗುತ್ತದೆ.